ಹೆಸರಿಲ್ಲದ ದುಡ್ಡಿಗೆ ನಿಮ್ಮ ಹೆಸರು ಬೇಕು, ಕೊಡಬೇಡಿ

"ಒಂದು ಅಕೌಂಟ್ ಓಪನ್ ಮಾಡಿಕೊಡು ಸಾಕು, ತಿಂಗಳಿಗೆ ಹತ್ತು ಸಾವಿರ ಸಿಗುತ್ತೆ. ಕೆಲಸ ಏನೂ ಇಲ್ಲ."

ಡೊಂಬಿವಲಿಯಲ್ಲಿ ಒಂದೇ ರೂಮಿನಲ್ಲಿ ಆರೇಳು ಜನ ಇರುವ ನಮ್ಮ ಹುಡುಗರಿಗೆ, ಅಂಧೇರಿಯ ಹೋಟೆಲುಗಳಲ್ಲಿ ಕೆಲಸಕ್ಕಿರುವವರಿಗೆ ಈ ಮಾತು ಈಗ ಹೊಸದಲ್ಲ. ಹೇಳುವವನು ಹೆಚ್ಚಾಗಿ ಪರಿಚಯದವನೇ. ಊರ ಕಡೆಯವನೂ ಆಗಿರಬಹುದು. ಅವನಿಗೆ ಬೇಕಾದದ್ದು ಪಾಸ್‌ಬುಕ್, ಎಟಿಎಂ ಕಾರ್ಡ್, ಜೊತೆಗೆ ಬ್ಯಾಂಕಿಗೆ ಕೊಟ್ಟ ಸಿಮ್. ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಿದರೆ 'ಗೇಮಿಂಗ್ ದುಡ್ಡು', 'ಟ್ಯಾಕ್ಸ್ ಉಳಿಸೋಕೆ' ಅಂತ ಏನೋ ಒಂದು ಹೇಳುತ್ತಾನೆ. ನಿಜ ಏನು ಅಂತ ಅವನಿಗೂ ಪೂರ್ತಿ ಗೊತ್ತಿರುವುದಿಲ್ಲ.

ನಾನು ಮುಂಬೈಯಲ್ಲಿ ಹೋಟೆಲುಗಳ ಲೆಕ್ಕ ಬರೆಯುವವ. ಈ ಲೇಖನ ಗಲ್ಲಾದ ಮೇಲೆ ಕೂರುವವರಿಗೆ, ಹೋಟೆಲ್ ಮಾಲೀಕರಿಗೆ, ರೂಮಿನ ಹುಡುಗರಿಗೆ, ಫೋನಿನಲ್ಲಿ ಸ್ವಲ್ಪ ಕ್ರಿಪ್ಟೊ ಕೊಂಡು ಮಾರುವವರಿಗೆ. ಹೆಸರು ಹೇಳದೆ ಓಡಾಡುವ ಎಲೆಕ್ಟ್ರಾನಿಕ್ ದುಡ್ಡನ್ನು ಕಳ್ಳರು ಹೇಗೆ ಬಳಸುತ್ತಾರೆ, ಆ ದಾರಿಯಲ್ಲಿ ನಾವು ಸಿಕ್ಕಿಕೊಳ್ಳದಿರಲು ಏನು ಮಾಡಬೇಕು ಅನ್ನುವುದು ವಿಷಯ.

ಹೆಜ್ಜೆ 1: ಗುಟ್ಟು ಎಲ್ಲಿದೆ, ಎಲ್ಲಿಲ್ಲ ಅಂತ ತಿಳಿದುಕೊಳ್ಳಿ

ಊರಿನ ಒಬ್ಬ ನಿವೃತ್ತ ಮೇಷ್ಟ್ರನ್ನು ಪೊಲೀಸರ ವೇಷದಲ್ಲಿ ವಿಡಿಯೊ ಕಾಲ್ ಮಾಡಿ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿ 8 ಲಕ್ಷ ಹಾಕಿಸಿಕೊಂಡರು ಅಂತಿಟ್ಟುಕೊಳ್ಳಿ. ಆ ದುಡ್ಡು ಮೊದಲು ಒಂದು ಖಾತೆಗೆ ಬೀಳುತ್ತದೆ. ಕೆಲವೇ ನಿಮಿಷಗಳಲ್ಲಿ ಎಂಟು ಹತ್ತು ಖಾತೆಗಳಿಗೆ ಚೂರುಚೂರಾಗಿ ಹೋಗುತ್ತದೆ. ಒಂದಷ್ಟನ್ನು ಎಟಿಎಂನಲ್ಲಿ ತೆಗೆಯುತ್ತಾರೆ. ಉಳಿದದ್ದರಲ್ಲಿ ಕ್ರಿಪ್ಟೊ ನಾಣ್ಯವಾದ ಯುಎಸ್‌ಡಿಟಿ ಕೊಳ್ಳುತ್ತಾರೆ. ಒಂದು ಯುಎಸ್‌ಡಿಟಿ ಅಂದರೆ ಹೆಚ್ಚುಕಡಿಮೆ ಒಂದು ಡಾಲರ್, ಬೆಲೆ ಏರಿಳಿಯುವ ತಲೆನೋವಿಲ್ಲ. ಅದಕ್ಕೇ ಕಳ್ಳರಿಗೂ ಅದು ಇಷ್ಟ. ಅಲ್ಲಿಂದ ಅದು ಯಾರ ಹೆಸರೂ ಇಲ್ಲದ ಡಿಜಿಟಲ್ ಪರ್ಸಿಗೆ, ಅಂದರೆ ವ್ಯಾಲೆಟ್‌ಗೆ, ಅಲ್ಲಿಂದ ಇನ್ನೊಂದಕ್ಕೆ, ಕೊನೆಗೆ ದೇಶದಾಚೆಗೆ.

ಈಗ ಈ ದಾರಿಯನ್ನು ಮತ್ತೊಮ್ಮೆ ನೋಡಿ. ಹೆಸರಿಲ್ಲದಿರುವುದು ಮಧ್ಯದ ತುಂಡು ಮಾತ್ರ. ರೂಪಾಯಿ ಒಳಗೆ ಹೋಗುವ ಬಾಗಿಲಲ್ಲಿ ಒಬ್ಬರ ಹೆಸರು ಬೇಕು, ಆಧಾರ್, ಪ್ಯಾನ್, ಸಿಮ್ ಸಮೇತ. ಹೊರಗೆ ಬರುವ ಬಾಗಿಲಲ್ಲೂ ಬೇಕು. ಕಳ್ಳ ತನ್ನ ಹೆಸರು ಕೊಡುವವನಲ್ಲ. ಹಾಗಾಗಿ ಅವನು ಹುಡುಕುವುದು ನಿಮ್ಮ ಹೆಸರನ್ನು. ಈ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನ ಹೆಜ್ಜೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಇದು ಇವತ್ತಿನ ಚರ್ಚೆಯೂ ಅಲ್ಲ. ಬಿಟ್‌ಕಾಯಿನ್ ಬಂದದ್ದು 2009ರಲ್ಲಿ. ಅದಕ್ಕೂ ಎಷ್ಟೋ ಮೊದಲು, 1980ರ ದಶಕದ ಆರಂಭದಲ್ಲೇ, ಡೇವಿಡ್ ಚಾಮ್ ಅನ್ನುವ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಕಂಪ್ಯೂಟರಿನಲ್ಲಿ ಓಡಾಡುವ ಗುಟ್ಟಿನ ನಾಣ್ಯದ ಲೆಕ್ಕ ಕಟ್ಟಿದರು. ಅದನ್ನು ಅವರು ವಿವರಿಸಿದ್ದು ಹೀಗೆ: ಒಳಗೆ ಕಾರ್ಬನ್ ಹಾಳೆ ಇಟ್ಟ ಲಕೋಟೆಯಲ್ಲಿ ನಿಮ್ಮ ಚೀಟಿ ಹಾಕಿ ಅಂಟಿಸಿ ಬ್ಯಾಂಕಿಗೆ ಕೊಡುತ್ತೀರಿ. ಬ್ಯಾಂಕು ಲಕೋಟೆಯ ಮೇಲೆ ಸಹಿ ಹಾಕುತ್ತದೆ, ಸಹಿ ಒಳಗಿನ ಚೀಟಿಗೂ ಇಳಿಯುತ್ತದೆ. ಚೀಟಿಯಲ್ಲಿ ಏನಿದೆ ಅಂತ ಬ್ಯಾಂಕು ನೋಡಿಲ್ಲ. ಆದರೆ ನಾಳೆ ಆ ಚೀಟಿ ಬಂದರೆ ಸಹಿ ತನ್ನದೇ ಅಂತ ಒಪ್ಪಲೇಬೇಕು. ಹೀಗೆ ಯಾರು ಖರ್ಚು ಮಾಡಿದರು ಅಂತ ಬ್ಯಾಂಕಿಗೂ ಗೊತ್ತಾಗುವುದಿಲ್ಲ. ಚಾಮ್ ಅವರ ಕಂಪನಿ ಡಿಜಿಕ್ಯಾಶ್ 1998ರಲ್ಲಿ ದಿವಾಳಿಯಾಯಿತು, ಅದು ಬೇರೆ ಕತೆ.

ಅವರ ಲೆಕ್ಕದಲ್ಲಿ ಒಂದು ಜಾಣತನ ಇತ್ತು. ಕೊಡುವವನ ಹೆಸರು ಗುಟ್ಟು, ತೆಗೆದುಕೊಳ್ಳುವವನದ್ದಲ್ಲ. ನಾಣ್ಯ ಸಿಕ್ಕವನು ಅದನ್ನು ತನ್ನ ಖಾತೆಗೆ ಜಮಾ ಮಾಡಲೇಬೇಕು. ಅಂದರೆ ಲಂಚ ಕೊಟ್ಟವನು ಕಾಣದಿದ್ದರೂ ತಿಂದವನು ಕಾಣುತ್ತಾನೆ. ಸಾಕಲ್ವಾ ಅನಿಸುತ್ತದೆ. ಸಾಲಲಿಲ್ಲ. 1992ರಲ್ಲಿ ಫಾನ್ ಸೋಲ್ಮ್ಸ್ ಮತ್ತು ನಕಾಶ್ ಎಂಬ ಇಬ್ಬರು ಸಂಶೋಧಕರು ಒಂದು ಅಪಹರಣವನ್ನು ಕಲ್ಪಿಸಿ ತೋರಿಸಿದರು. ಅಪಹರಿಸಿದವನು ತನ್ನದೇ ಲಕೋಟೆಗಳನ್ನು ಕಳಿಸಿ ಬ್ಯಾಂಕಿನಿಂದ ಸಹಿ ಹಾಕಿಸುತ್ತಾನೆ, ಸಹಿಯನ್ನು ಪೇಪರಿನಲ್ಲಿ ಅಚ್ಚು ಹಾಕಿಸಿ ಅನ್ನುತ್ತಾನೆ. ಪೇಪರು ಓದುವವರು ಸಾವಿರಾರು ಜನ, ಅದರಲ್ಲಿ ಇವನು ಯಾರು ಅಂತ ಹಿಡಿಯುವುದು? 1995ರ ಹೊತ್ತಿಗೆ ಬೇರೆ ಸಂಶೋಧಕರು ಮಧ್ಯದ ದಾರಿ ಹುಡುಕಿದರು. ಎಲ್ಲರ ಗುಟ್ಟೂ ಗುಟ್ಟಾಗಿಯೇ ಇರಲಿ, ಆದರೆ ನ್ಯಾಯಾಧೀಶರಂಥ ಮೂರನೆಯವರ ಕೈಯಲ್ಲಿ ಒಂದು ಕೀಲಿ ಇರಲಿ, ಅಪರಾಧ ಆದಾಗ ಮಾತ್ರ ತೆರೆಯಲಿ ಅಂತ.

ನನಗೆ ಸರಿ ಕಾಣುವುದು ಇದೇ. ಗುಟ್ಟು ಬೇಕು ಅನ್ನುವವರೆಲ್ಲ ಕಳ್ಳರಲ್ಲ. ದೇವಸ್ಥಾನದ ಹುಂಡಿಗೆ ಹಾಕಿದ ನೋಟಿಗೆ ಯಾರೂ ಹೆಸರು ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ಚಿಕ್ಕ ಮೊತ್ತಕ್ಕೆ ಗುಟ್ಟು, ದೊಡ್ಡ ಮೊತ್ತಕ್ಕೆ ಹೆಸರು ಅನ್ನುವುದು ನ್ಯಾಯ. ರಿಸರ್ವ್ ಬ್ಯಾಂಕು ತನ್ನ ಡಿಜಿಟಲ್ ರೂಪಾಯಿಯ ಬಗ್ಗೆ 2022ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ. ಜನಸಾಮಾನ್ಯರಿಗಾಗಿ ಅದನ್ನು 2022ರ ಡಿಸೆಂಬರ್ 1ರಂದು ಪ್ರಯೋಗಕ್ಕೆ ಬಿಟ್ಟಾಗ ಮೊದಲ ನಾಲ್ಕು ನಗರಗಳಲ್ಲಿ ಮುಂಬೈಯೂ ಬೆಂಗಳೂರೂ ಇದ್ದವು.

ಇನ್ನೊಂದು ತಪ್ಪು ತಿಳಿವಳಿಕೆ. 'ಬಿಟ್‌ಕಾಯಿನ್ ಅಂದರೆ ಯಾರಿಗೂ ಸಿಗಲ್ಲ' ಅನ್ನುತ್ತಾರೆ. ಬಿಟ್‌ಕಾಯಿನ್ನಿನ ಪ್ರತಿ ವರ್ಗಾವಣೆಯೂ ಎಲ್ಲರೂ ನೋಡಬಹುದಾದ ಬಹಿರಂಗ ಖಾತೆಪುಸ್ತಕದಲ್ಲಿ ಇರುತ್ತದೆ. ಇಲ್ಲದಿರುವುದು ಹೆಸರು, ಜಾಡು ಅಲ್ಲ. 2021ರಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಹ್ಯಾಕರುಗಳಿಗೆ 75 ಬಿಟ್‌ಕಾಯಿನ್ ಕೊಟ್ಟಿತು. ತಿಂಗಳೊಳಗೆ ಅಲ್ಲಿನ ಪೊಲೀಸರು ಜಾಡು ಹಿಡಿದು 63.7 ಬಿಟ್‌ಕಾಯಿನ್ ವಾಪಸ್ ತಂದರು. ಮೊನೆರೊದಂಥ ಕೆಲವು ನಾಣ್ಯಗಳು ಕೊಟ್ಟವನು, ಪಡೆದವನು, ಮೊತ್ತ ಎಲ್ಲವನ್ನೂ ಮುಚ್ಚುತ್ತವೆ. ಆದರೆ ಅವನ್ನು ಕೊಳ್ಳಲೂ ಮೊದಲು ಯಾರದೋ ಖಾತೆಯಿಂದ ರೂಪಾಯಿ ಹೊರಡಬೇಕು.

ಹೆಜ್ಜೆ 2: ಅಕೌಂಟು, ಕಾರ್ಡು, ಸಿಮ್ ಬಾಡಿಗೆಗಿಲ್ಲ

ಪೊಲೀಸರೂ ಬ್ಯಾಂಕಿನವರೂ ಇಂಥ ಖಾತೆಗೆ 'ಮ್ಯೂಲ್ ಅಕೌಂಟ್' ಅನ್ನುತ್ತಾರೆ. ಸೇವಿಂಗ್ಸ್ ಖಾತೆಗಿಂತ ಕರೆಂಟ್ ಖಾತೆಗೆ ರೇಟು ಜಾಸ್ತಿ, ಏಕೆಂದರೆ ದೊಡ್ಡ ಮೊತ್ತ ಹೋಗಿಬಂದರೂ ಕಣ್ಣಿಗೆ ಕುಕ್ಕುವುದಿಲ್ಲ. ಅದಕ್ಕೇ ಹುಡುಗನ ಹೆಸರಲ್ಲಿ ಒಂದು ಗುಮಾಸ್ತಾ (ಅಂಗಡಿಯ ಲೈಸೆನ್ಸ್), ಸಣ್ಣ ಉದ್ದಿಮೆಯ ನೋಂದಣಿಯಾದ ಒಂದು ಉದ್ಯಮ್ ಸರ್ಟಿಫಿಕೇಟ್ ಮಾಡಿಸುತ್ತಾರೆ. 'ಟ್ರೇಡರ್ಸ್', 'ಎಂಟರ್‌ಪ್ರೈಸಸ್' ಅಂತ ಏನೋ ಹೆಸರು. ಅಂಗಡಿ ಇರುವುದೇ ಇಲ್ಲ. ಖಾತೆ ತೆರೆದ ಮೇಲೆ ಚೆಕ್‌ಬುಕ್, ಕಾರ್ಡ್, ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್, ಸಿಮ್ ಎಲ್ಲ ಸೇರಿಸಿ 'ಕಿಟ್' ಅಂತ ತೆಗೆದುಕೊಂಡು ಹೋಗುತ್ತಾರೆ. ಕೆಲವು ಸಲ ಹುಡುಗನನ್ನೇ ನಾಲ್ಕು ದಿನ ಗೋವಾದ ಲಾಡ್ಜಿನಲ್ಲಿ ಇಟ್ಟು, ಅವನ ಫೋನಿಗೆ ಒಂದು ಆ್ಯಪ್ ಹಾಕಿ, ಬರುವ ಒಟಿಪಿಯೆಲ್ಲ ಬೇರೆಡೆಗೆ ಹೋಗುವ ಹಾಗೆ ಮಾಡುತ್ತಾರೆ. ಫ್ರೀ ಟ್ರಿಪ್ ಅಂತ ಹೋದವನಿಗೆ ತಾನು ಒತ್ತೆ ಇದ್ದೇನೆ ಅಂತ ಗೊತ್ತೇ ಆಗುವುದಿಲ್ಲ.

ಹುಡುಗರಿಗೆ ಕಾನೂನಿನ ಪಾಠ ಬೇಡ, ಒಂದು ವಿಷಯ ಹೇಳಿದರೆ ಸಾಕು. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಅದು ಊರಿನ ವಿಳಾಸ. ಆಧಾರ್‌ನಲ್ಲಿ ಇರುವುದು ಅದೇ ಅಲ್ವಾ? ಬೈಂದೂರಿನಲ್ಲೋ ಚನ್ನರಾಯಪಟ್ಟಣದಲ್ಲೋ ಇರುವ ಅಮ್ಮನ ಮನೆ ಬಾಗಿಲಿಗೆ ಬೇರೆ ರಾಜ್ಯದ ಪೊಲೀಸರು ಬರುತ್ತಾರೆ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕೇಸು ಆಗಿ ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು. 'ನನಗೆ ಗೊತ್ತಿರಲಿಲ್ಲ' ಅಂತ ನಿರೂಪಿಸುವುದು, ಕಮಿಷನ್ ತಿಂದ ಮೇಲೆ, ಬಹಳ ಕಷ್ಟ.

ಇವತ್ತೇ ಮಾಡಬಹುದಾದ ಎರಡು ಕೆಲಸ ಇದೆ. ಒಂದು, ಸಂಚಾರ್ ಸಾಥಿ ಅನ್ನುವ ಸರ್ಕಾರಿ ಪೋರ್ಟಲ್‌ಗೆ ಹೋಗಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ನೋಡಿ. ಮೊಬೈಲ್ ನಂಬರ್, ಒಟಿಪಿ ಕೊಟ್ಟರೆ ಪಟ್ಟಿ ಬರುತ್ತದೆ. ಗುರುತಿಲ್ಲದ ನಂಬರ್ ಇದ್ದರೆ 'ನನ್ನದಲ್ಲ' ಅಂತ ಅಲ್ಲೇ ಒತ್ತಿ. ಎರಡು, ಹಳೇ ಖಾತೆಗಳನ್ನು ಮುಚ್ಚಿ. ಮೂರು ಹೋಟೆಲ್ ಬದಲಿಸಿದವನಿಗೆ ಮೂರು ಸ್ಯಾಲರಿ ಅಕೌಂಟ್ ಇರುತ್ತದೆ. ಗಲ್ಫಿಗೆ ಹೋಗುವವರು, ಊರಿಗೇ ವಾಪಸ್ ಹೋಗುವವರು ರೂಮಿನಲ್ಲಿ ಕಾರ್ಡು, ಸಿಮ್ ಬಿಟ್ಟುಹೋಗುತ್ತಾರೆ. ಅದು ಯಾರ ಕೈಗೆ ಸಿಗುತ್ತದೋ ಹೇಳಲಾಗದು.

ಹೆಜ್ಜೆ 3: ಹೋಟೆಲು ಕಂಡಕ್ಟಿಂಗ್‌ಗೆ ಕೊಡುವಾಗ ಖಾತೆ ಕೊಡಬೇಡಿ

ಕಂಡಕ್ಟಿಂಗ್ ಅಂದರೆ ತಿಂಗಳಿಗೆ ಇಷ್ಟು ಅಂತ ಮಾತಾಡಿ ಹೋಟೆಲನ್ನು ಇನ್ನೊಬ್ಬನಿಗೆ ನಡೆಸಲು ಕೊಡುವುದು. ಇದನ್ನು ಬೇರೆ ಹೆಜ್ಜೆ ಮಾಡಲು ಕಾರಣವಿದೆ. ನಮ್ಮವರ ಹೋಟೆಲುಗಳಲ್ಲಿ ಅರ್ಧಕ್ಕರ್ಧ ಕಡೆ ಮಾಲೀಕ ಒಬ್ಬ, ನಡೆಸುವವನು ಇನ್ನೊಬ್ಬ. ಲೈಸೆನ್ಸ್ ಮಾಲೀಕನ ಹೆಸರಲ್ಲೇ ಇರುತ್ತದೆ. ಜಿಎಸ್‌ಟಿ ಅವನದ್ದೇ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಕೂಡ ಅವನ ಕರೆಂಟ್ ಖಾತೆಗೇ ಜೋಡಿಸಿದ್ದು. ನಡೆಸುವವನಿಗೆ ಅನುಕೂಲ ಆಗಲಿ ಅಂತ ಸಹಿ ಮಾಡಿದ ಚೆಕ್‌ಬುಕ್, ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಎಲ್ಲ ಕೊಟ್ಟು ಮಾಲೀಕ ಊರಿಗೆ ಹೋಗಿ ತೋಟ ನೋಡಿಕೊಂಡು ಇರುತ್ತಾನೆ. ತಿಂಗಳಿಗೆ ಇಷ್ಟು ಅಂತ ಬಂದರಾಯಿತು.

ಕಳ್ಳನ ಕಣ್ಣಲ್ಲಿ ಇಂಥ ಖಾತೆ ಚಿನ್ನ. ಹತ್ತು ಹದಿನೈದು ವರ್ಷ ಹಳೆಯದು, ದಿನಾ ನೂರಾರು ಜನ ಬೇರೆಬೇರೆ ಕಡೆಯಿಂದ ದುಡ್ಡು ಹಾಕುವ ಖಾತೆ. ಅದರ ನಡುವೆ ಹೊಸ ದುಡ್ಡು ಬಂದರೆ ಬ್ಯಾಂಕಿಗೆ ಬೇಗ ಅನುಮಾನ ಬರುವುದಿಲ್ಲ. ನಡೆಸುವವನೇ ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ಅವನ ಮ್ಯಾನೇಜರ್, ಅವನ ಸಾಲಗಾರ, ಯಾರು ಬೇಕಾದರೂ ಆಗಬಹುದು.

ಹೀಗೆ ಮಾಡಿ. ಅಗ್ರಿಮೆಂಟ್ ಆಗುವ ದಿನವೇ ನಡೆಸುವವನ ಹೆಸರಲ್ಲಿ ಅವನದೇ ಖಾತೆ, ಅವನದೇ ಕ್ಯೂಆರ್ ಹಾಕಿಸಿ. ಜಿಎಸ್‌ಟಿ ಹೇಗೆ ಅಂತ ನಿಮ್ಮ ಸಿಎ ಹತ್ತಿರ ಕೇಳಿ ಅದನ್ನೂ ಸರಿ ಮಾಡಿಸಿಕೊಳ್ಳಿ. ಅದು ಆಗುವವರೆಗೆ ನಿಮ್ಮ ಖಾತೆಯ ಎಸ್‌ಎಂಎಸ್ ನಿಮ್ಮ ಫೋನಿಗೇ ಬರಲಿ. ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ತೆಗೆದು ಕಣ್ಣಾಡಿಸಿ. ಇಡ್ಲಿ ವಡೆ ಮಾರುವ ಜಾಗದಲ್ಲಿ ರಾತ್ರಿ ಎರಡು ಗಂಟೆಗೆ 49 ಸಾವಿರ ಬಂದು, ಎರಡೂ ಹತ್ತಕ್ಕೆ ಹೊರಗೆ ಹೋಗಿದ್ದರೆ ಅದು ಇಡ್ಲಿಯ ದುಡ್ಡಲ್ಲ.

ಹೆಜ್ಜೆ 4: ಗಲ್ಲಾದ ಮೇಲೆ ಕ್ಯಾಶ್ ಬದಲಿ ಬೇಡ

ಮಾಟುಂಗಾದಿಂದ ಮೀರಾ ರೋಡ್‌ವರೆಗೆ ಎಲ್ಲ ಗಲ್ಲಾದಲ್ಲೂ ಇದು ನಡೆಯುತ್ತದೆ. ಮಾತುಕತೆ ಸುಮಾರು ಹೀಗಿರುತ್ತದೆ.

"ಅಣ್ಣಾ, ಒಬ್ರು ಇಪ್ಪತ್ತು ಸಾವಿರ ಸ್ಕ್ಯಾನ್ ಮಾಡ್ತಾರಂತೆ, ಕ್ಯಾಶ್ ಕೊಡಿ ಅಂತಿದ್ದಾರೆ. ಮೇಲೆ ಐನೂರು ಕೊಡ್ತಾರಂತೆ."

"ಬೇಡ ಮಾರಾಯ. ತಿಂದದ್ದರ ಬಿಲ್ ಎಷ್ಟೋ ಅಷ್ಟು ತಗೋ. ಕ್ಯಾಶ್ ಬೇಕಿದ್ರೆ ಎದುರಿಗೇ ಎಟಿಎಂ ಇದೆ ಅನ್ನು."

ಎಟಿಎಂ ಎದುರಿಗೇ ಇರುವಾಗ ಐನೂರು ರೂಪಾಯಿ ಮೇಲೆ ಕೊಟ್ಟು ನಿಮ್ಮ ಹತ್ತಿರ ಯಾಕೆ ಬಂದ? ಕದ್ದ ದುಡ್ಡಿನ ಜಾಡು ನಿಮ್ಮ ಖಾತೆಯಲ್ಲಿ ನಿಲ್ಲಲಿ, ತಾನು ನೋಟು ಹಿಡಿದು ಹೋಗಲಿ ಅಂತ. ಆ ನೋಟು ಸಂಜೆಯೊಳಗೆ ಯಾವನೋ ಏಜೆಂಟನ ಕೈ ಸೇರಿ ಯುಎಸ್‌ಡಿಟಿ ಆಗಿರುತ್ತದೆ. ಹವಾಲಾದವರು ಹತ್ತು ರೂಪಾಯಿ ನೋಟಿನ ನಂಬರನ್ನೇ ಗುರುತಾಗಿ ಇಟ್ಟುಕೊಂಡು ಲಕ್ಷಗಟ್ಟಲೆ ದಾಟಿಸುವುದು ಮುಂಬೈಗೆ ಹಳೇ ವಿಷಯ. ಈಗ ಆ ನೋಟಿನ ಜಾಗಕ್ಕೆ ವ್ಯಾಲೆಟ್ ವಿಳಾಸ ಬಂದಿದೆ. ಆಚೆ ಈಚೆ ಕೂತಿರುವವರ ಕೆಲಸ ಬದಲಾಗಿಲ್ಲ.

ಇದರದೇ ಇನ್ನೊಂದು ರೂಪ 'ತಪ್ಪಿ ಬಂತು' ಅನ್ನುವ ಫೋನ್. ನಿಮ್ಮ ಖಾತೆಗೆ 15 ಸಾವಿರ ನಿಜವಾಗಿಯೂ ಬಂದಿರುತ್ತದೆ. 'ಅಣ್ಣಾ, ತಪ್ಪಿ ಹಾಕಿಬಿಟ್ಟೆ, ಈ ನಂಬರಿಗೆ ವಾಪಸ್ ಹಾಕಿ' ಅನ್ನುತ್ತಾನೆ. ನಂಬರು ದುಡ್ಡು ಬಂದ ಕಡೆಯದ್ದಲ್ಲ, ಬೇರೆಯದು. ಪಾಪ ಅಂತ ಕಳಿಸಿದರೆ ಕದ್ದ ದುಡ್ಡನ್ನು ಮುಂದಕ್ಕೆ ದಾಟಿಸಿದವರು ನೀವು. ಅವನಿಗೆ 'ನಿಮ್ಮ ಬ್ಯಾಂಕಿನಲ್ಲಿ ದೂರು ಕೊಡಿ, ನಾನೂ ನನ್ನ ಬ್ಯಾಂಕಿಗೆ ಬರೆದುಕೊಡುತ್ತೇನೆ' ಅನ್ನಿ. ನಿಮ್ಮ ಬ್ರಾಂಚಿಗೆ ಅದೇ ದಿನ ಮೇಲ್ ಕಳಿಸಿ. ಆ ದುಡ್ಡನ್ನು ಮುಟ್ಟಬೇಡಿ, ಖರ್ಚೂ ಮಾಡಬೇಡಿ.

ಬೆಳಗ್ಗೆ ಶಟರ್ ಎತ್ತಿದಾಗ ಕ್ಯೂಆರ್ ಸ್ಟಿಕರ್ ನಿಮ್ಮದೇ ಇದೆಯಾ ಅಂತ ಒಂದು ರೂಪಾಯಿ ಹಾಕಿ ನೋಡುವುದೂ ಒಳ್ಳೇ ಅಭ್ಯಾಸ.

ಹೆಜ್ಜೆ 5: ಗಿಫ್ಟ್ ಕಾರ್ಡಿನ ನಂಬರು ನೋಟಿಗೆ ಸಮ

'ನಾನು ಮೀಟಿಂಗಿನಲ್ಲಿದ್ದೇನೆ, ಬೇಗ ಐದು ಗಿಫ್ಟ್ ಕಾರ್ಡ್ ತಗೊಂಡು ಹಿಂದಿನ ನಂಬರ್ ಕೆರೆದು ಫೋಟೊ ಕಳಿಸು.' ಬಾಸ್ ಫೋಟೊ ಇರುವ ಹೊಸ ನಂಬರಿನಿಂದ ಮೆಸೇಜ್. ಆಫೀಸಿನಲ್ಲಿ ಕೆಲಸಕ್ಕಿರುವ ನಮ್ಮ ಮಕ್ಕಳು ಇದಕ್ಕೆ ಬೀಳುತ್ತಾರೆ. ಆ ನಂಬರು ಯಾರ ಹತ್ತಿರ ಇದೆಯೋ ದುಡ್ಡು ಅವರದ್ದು. ಬ್ಯಾಂಕುಗಳು ಕೊಡುವ ಗಿಫ್ಟ್ ಕಾರ್ಡಿಗೆ ರಿಸರ್ವ್ ಬ್ಯಾಂಕು ಹಾಕಿದ ಮಿತಿ 10 ಸಾವಿರ. ಮಿತಿ ಇರುವುದರಿಂದಲೇ ಐದು, ಹತ್ತು ಅಂತ ಕೇಳುವುದು. ಹಳೇ ನಂಬರಿಗೆ ಒಂದು ಕಾಲ್ ಮಾಡಿ ಕೇಳಿದರೆ ಮುಗಿಯಿತು.

ಹೆಜ್ಜೆ 6: ಕ್ರಿಪ್ಟೊ ಕೊಳ್ಳುವವರು, ಮಾರುವವರು

ಭಾರತದಲ್ಲಿ ಕ್ರಿಪ್ಟೊ ಇಟ್ಟುಕೊಳ್ಳುವುದು ಅಪರಾಧ ಅಲ್ಲ. ಲಾಭಕ್ಕೆ ಶೇ. 30 ತೆರಿಗೆ 2022ರ ಏಪ್ರಿಲ್‌ನಿಂದ, ಮಾರಿದ ಮೊತ್ತಕ್ಕೆ ಶೇ. 1 ಟಿಡಿಎಸ್ ಅದೇ ವರ್ಷದ ಜುಲೈನಿಂದ. 2023ರ ಮಾರ್ಚಿನಲ್ಲಿ ಕ್ರಿಪ್ಟೊ ವ್ಯವಹಾರ ನಡೆಸುವ ಕಂಪನಿಗಳನ್ನೂ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯೊಳಗೆ ತಂದರು. ಅಂದಿನಿಂದ ಅವು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡು, ಗಿರಾಕಿಯ ಗುರುತು ಹಿಡಿದು, ಅನುಮಾನದ ವ್ಯವಹಾರ ಕಂಡರೆ ವರದಿ ಕೊಡಬೇಕು. ನೋಂದಣಿ ಇಲ್ಲದೆ ನಡೆಸುತ್ತಿದ್ದ 9 ವಿದೇಶಿ ಕಂಪನಿಗಳಿಗೆ ಆ ಘಟಕ 2023ರ ಡಿಸೆಂಬರಿನಲ್ಲಿ ನೋಟಿಸ್ ಕೊಟ್ಟಿತು. ಆದ್ದರಿಂದ ಮೊದಲ ನಿಯಮ ಸರಳ. ನೋಂದಣಿ ಇರುವ ಆ್ಯಪ್ ಮಾತ್ರ.

ನಿಜವಾದ ಅಪಾಯ ಇರುವುದು ಪಿ-ಟು-ಪಿಯಲ್ಲಿ. ಅಂದರೆ ನೀವು ಯುಎಸ್‌ಡಿಟಿ ಮಾರುತ್ತೀರಿ, ಎದುರಿನವನು ನಿಮ್ಮ ಬ್ಯಾಂಕ್ ಖಾತೆಗೆ ನೇರ ರೂಪಾಯಿ ಹಾಕುತ್ತಾನೆ. ಆ ರೂಪಾಯಿ ಮೇಷ್ಟ್ರ 8 ಲಕ್ಷದ ತುಂಡು ಆಗಿದ್ದರೆ? ಯುಎಸ್‌ಡಿಟಿ ಹೋಯಿತು, ಖಾತೆ ಫ್ರೀಜ್ ಆಯಿತು. ಎರಡೂ ಕೈ ಖಾಲಿ.

ಮಾಡಲೇಬೇಕು ಅಂದರೆ ಈ ಎಚ್ಚರಿಕೆ ಇರಲಿ. ಆ್ಯಪಿನಲ್ಲಿ ಕಾಣುವ ಹೆಸರೂ ದುಡ್ಡು ಬಂದ ಖಾತೆಯ ಹೆಸರೂ ಅಕ್ಷರಕ್ಕಕ್ಷರ ಒಂದೇ ಇರಬೇಕು. 'ಅಣ್ಣನ ಖಾತೆಯಿಂದ ಹಾಕಿದೆ', 'ಕಂಪನಿ ಖಾತೆ' ಅಂದರೆ ಯುಎಸ್‌ಡಿಟಿ ಬಿಡಬೇಡಿ. ಆರ್ಡರ್ ರದ್ದು ಮಾಡಿ, ಆ್ಯಪಿನವರಿಗೆ ದೂರು ಕೊಡಿ. ಮಾರುಕಟ್ಟೆಗಿಂತ ನಾಲ್ಕೈದು ರೂಪಾಯಿ ಜಾಸ್ತಿ ಕೊಡುತ್ತೇನೆ ಅನ್ನುವವನ ಹತ್ತಿರ ಹೋಗಲೇಬೇಡಿ. ಸ್ವಂತ ದುಡ್ಡು ಕೊಡುವವನು ಕಡಿಮೆಗೆ ಕೇಳುತ್ತಾನೆ, ಜಾಸ್ತಿ ಕೊಡುವುದಿಲ್ಲ. ಟೆಲಿಗ್ರಾಂ ಗ್ರೂಪಿನಲ್ಲಿ ಪರಿಚಯ ಆದವನನ್ನು ಸ್ಟೇಷನ್ ಹೊರಗೆ ಭೇಟಿ ಮಾಡಿ ಕ್ಯಾಶ್‌ಗೆ ಬದಲಿಸುವುದಂತೂ ಯಾವ ಲೆಕ್ಕದಲ್ಲೂ ಬೇಡ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದೇ ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಅದರ ಮೇಲೆ ಆ ನೋಟು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಿಲ್ಲ.

ವ್ಯವಹಾರಕ್ಕೆ ಒಂದು ಬೇರೆ ಖಾತೆ ಇಟ್ಟುಕೊಳ್ಳಿ. ಸಂಬಳ, ಮನೆ ಸಾಲದ ಇಎಂಐ ಇರುವ ಖಾತೆಯಲ್ಲಿ ಪಿ-ಟು-ಪಿ ಮಾಡಿದರೆ ಫ್ರೀಜ್ ಆದ ದಿನ ರೇಷನ್‌ಗೂ ದುಡ್ಡಿರುವುದಿಲ್ಲ. ಪ್ರತಿ ಆರ್ಡರಿನ ಚಾಟ್, ನಂಬರು, ಬ್ಯಾಂಕ್ ಎಂಟ್ರಿ ಉಳಿಸಿ. ಮುಂದೆ ನಿಮ್ಮನ್ನು ಉಳಿಸುವುದು ಅದೇ.

ಹೆಜ್ಜೆ 7: ನಿಮ್ಮದೇ ದುಡ್ಡು ಹೋದರೆ

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲು ಇದು, ಆಮೇಲೆ ಹೆಂಡತಿಗೆ, ಅಣ್ಣನಿಗೆ, ವಾಟ್ಸಾಪ್ ಗ್ರೂಪಿಗೆ. ರೂಪಾಯಿ ಇನ್ನೂ ಬ್ಯಾಂಕುಗಳ ನಡುವೆ ಇರುವಾಗ ಹೇಳಿದರೆ ಮುಂದಿನ ಖಾತೆಯಲ್ಲಿ ತಡೆಹಿಡಿಯಬಹುದು. ವ್ಯಾಲೆಟ್ ಸೇರಿದ ಮೇಲೆ ಕಷ್ಟ. ಕೈಯಲ್ಲಿ ಇಟ್ಟುಕೊಂಡಿರಬೇಕಾದದ್ದು ನಿಮ್ಮ ಖಾತೆ ನಂಬರು, ದುಡ್ಡು ಹೋದ ಸಮಯ, ಮೊತ್ತ, ಯುಪಿಐ ಆದರೆ 12 ಅಂಕಿಯ ಯುಟಿಆರ್ ನಂಬರು. ಆಮೇಲೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಪೋರ್ಟಲ್‌ನಲ್ಲಿ ಪೂರ್ತಿ ದೂರು ಹಾಕಿ ಸ್ವೀಕೃತಿ ನಂಬರು ಬರೆದಿಟ್ಟುಕೊಳ್ಳಿ. ಮುಂಬೈ ಪೊಲೀಸರಿಗೆ ವಿಭಾಗವಾರು ಸೈಬರ್ ಠಾಣೆಗಳಿವೆ, ಆದರೆ ದೂರು ಕೊಡಲು ಹತ್ತಿರದ ಯಾವ ಠಾಣೆಗೆ ಹೋದರೂ ಆಗುತ್ತದೆ. ಮರಾಠಿ ಬರದಿದ್ದರೆ ಹಿಂದಿಯಲ್ಲಿ ಹೇಳಿ, ಅಥವಾ ಬರೆಯಲು ಬರುವ ಒಬ್ಬರನ್ನು ಕರೆದುಕೊಂಡು ಹೋಗಿ.

ನೀವೇ ಯುಎಸ್‌ಡಿಟಿ ಕಳಿಸಿ ಮೋಸ ಹೋಗಿದ್ದರೆ ಕಳ್ಳನ ವ್ಯಾಲೆಟ್ ವಿಳಾಸ ಮತ್ತು ವರ್ಗಾವಣೆಯ ಐಡಿ ಬೇಕು. ಯುಎಸ್‌ಡಿಟಿ ಓಡಾಡುವ ಜಾಲಗಳಲ್ಲಿ ಒಂದಾದ ಟ್ರಾನ್‌ನ ವಿಳಾಸ ಟಿ ಅಕ್ಷರದಿಂದ ಶುರುವಾಗುತ್ತದೆ, ಒಟ್ಟು 34 ಅಕ್ಷರ. ಐಡಿ 64 ಅಕ್ಷರ. ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಕಾಪಿ ಮಾಡಿ ಟೆಕ್ಸ್ಟ್ ಆಗಿಯೇ ಉಳಿಸಿ. ಕೈಯಲ್ಲಿ ಬರೆಯಲು ಹೋಗಿ ಒಂದು ಅಕ್ಷರ ತಪ್ಪಿದರೂ ಜಾಡು ತಪ್ಪಿತು. ಇದನ್ನು ಕೊಟ್ಟರೆ ಉಪಯೋಗ ಇದೆಯಾ? ಇದೆ. ಯುಎಸ್‌ಡಿಟಿಯನ್ನು ಹೊರಡಿಸುವ ಟೆದರ್ ಕಂಪನಿಗೆ ಒಂದು ವಿಳಾಸವನ್ನೇ ಫ್ರೀಜ್ ಮಾಡುವ ಅಧಿಕಾರ ಇದೆ, ಪೊಲೀಸರು ಕೇಳಿದಾಗ ಮಾಡಿದ್ದೂ ಇದೆ. ಬಿಟ್‌ಕಾಯಿನ್‌ನಲ್ಲಿ ಅಂಥ ಯಜಮಾನ ಇಲ್ಲ.

ಹೋದ ದುಡ್ಡನ್ನು ವಾಪಸ್ ತರಿಸಿಕೊಡುತ್ತೇನೆ, ಫೀಸು ಮೊದಲು ಕೊಡಿ ಅಂತ ಟೆಲಿಗ್ರಾಂನಲ್ಲಿ ಬರುವವನು ಎರಡನೇ ಕಳ್ಳ.

ಹೆಜ್ಜೆ 8: ಖಾತೆ ಫ್ರೀಜ್ ಆದರೆ

ಎಲ್ಲ ಎಚ್ಚರಿಕೆ ಇದ್ದೂ ಇದು ಆಗಬಹುದು. ಹೋಟೆಲಿಗೆ ಬಂದ ಯಾವನೋ ಕದ್ದ ದುಡ್ಡಿನಲ್ಲಿ ಬಿರಿಯಾನಿ ತಿಂದಿರುತ್ತಾನೆ, 640 ರೂಪಾಯಿಯ ಬಿಲ್ಲು, ನಿಮ್ಮ ಇಡೀ ಕರೆಂಟ್ ಖಾತೆ ಬಂದ್. ಮರುದಿನ ತರಕಾರಿಯವನ ಚೆಕ್ ಬೌನ್ಸ್. ಅಷ್ಟು ಸಣ್ಣ ಮೊತ್ತಕ್ಕೆ ಪೂರ್ತಿ ಖಾತೆ ಮುಚ್ಚುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ತಕರಾರಿರುವ ಮೊತ್ತವನ್ನು ಮಾತ್ರ ಹಿಡಿದಿಟ್ಟರೆ ಸಾಕಲ್ವಾ?

ಬೈದು ಪ್ರಯೋಜನ ಇಲ್ಲ, ಬ್ರಾಂಚಿನವರ ಕೈಯಲ್ಲಿ ಅದು ಇಲ್ಲ. ಅವರಿಂದ ಬರೆಸಿಕೊಳ್ಳಬೇಕಾದದ್ದು ಇಷ್ಟು: ಯಾವ ರಾಜ್ಯದ ಯಾವ ಠಾಣೆ, ದೂರಿನ ನಂಬರು, ತನಿಖಾಧಿಕಾರಿಯ ಮೇಲ್, ತಕರಾರಿನ ಮೊತ್ತ, ಆ ಎಂಟ್ರಿಯ ದಿನಾಂಕ. ಬಾಯಲ್ಲಿ ಹೇಳಿದರೆ ಬೇಡ, ಮೇಲ್‌ನಲ್ಲಿ ಬೇಕು. ಠಾಣೆ ಗುಜರಾತಿನದ್ದೋ ತೆಲಂಗಾಣದ್ದೋ ಆಗಿರುತ್ತದೆ, ಓಡಿಹೋಗುವ ಮೊದಲು ಮೇಲ್ ಮಾಡಿ. ಜೊತೆಗೆ ಆ ದಿನದ ಬಿಲ್ಲು, ಗುಮಾಸ್ತಾ, ಜಿಎಸ್‌ಟಿ ರಿಟರ್ನ್, ಆರು ತಿಂಗಳ ಸ್ಟೇಟ್‌ಮೆಂಟ್ ಕಳಿಸಿ. ಪಿ-ಟು-ಪಿ ಆದರೆ ಆರ್ಡರಿನ ವಿವರ, ಚಾಟ್, ಟಿಡಿಎಸ್ ದಾಖಲೆ. ಪತ್ರದಲ್ಲಿ ಎರಡು ಕೋರಿಕೆ ಇರಲಿ: ತಕರಾರಿನ ಮೊತ್ತ ಮಾತ್ರ ಹಿಡಿದಿಡಿ, ಉಳಿದ ಖಾತೆ ಬಿಡಿ. ಕರೆದರೆ ಹೇಳಿಕೆ ಕೊಡಲು ತಯಾರಿದ್ದೇನೆ ಅಂತಲೂ ಬರೆಯಿರಿ, ಕರೆದರೆ ಹೋಗಿ.

ಉತ್ತರ ಬರದಿದ್ದರೆ ವಕೀಲರ ಮೂಲಕ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕು. ಪೊಲೀಸರು ಆಸ್ತಿ ವಶಕ್ಕೆ ತೆಗೆದುಕೊಳ್ಳುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ ಕೆಳಗೆ, ಅದರ ವರದಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು ಅಂತ ಅದೇ ಕಲಂ ಹೇಳುತ್ತದೆ. ವರದಿ ಹೋಗಿದೆಯಾ ಅಂತ ನಿಮ್ಮ ವಕೀಲರು ಮೊದಲು ಅದನ್ನೇ ಕೇಳಲಿ.

'ಹತ್ತು ಪರ್ಸೆಂಟ್ ಕೊಡಿ, ನಾಳೆಯೇ ಓಪನ್ ಮಾಡಿಸ್ತೀನಿ' ಅನ್ನುವ ಏಜೆಂಟುಗಳು ಠಾಣೆಯ ಹೊರಗೂ ಇದ್ದಾರೆ, ಫೋನಿನಲ್ಲೂ ಇದ್ದಾರೆ. ಅವರಿಗೆ ನಿಮ್ಮ ಕಾಗದಪತ್ರ ಕೊಡಬೇಡಿ. ಆಧಾರ್, ಪ್ಯಾನ್ ನಕಲು ಯಾರಿಗೆ ಕೊಟ್ಟರೂ ಅದರ ಮೇಲೆ ಅಡ್ಡಗೆರೆ ಎಳೆದು, ಯಾವ ಕೆಲಸಕ್ಕೆ, ಯಾವ ತಾರೀಕು ಅಂತ ಬರೆದು ಸಹಿ ಹಾಕಿಯೇ ಕೊಡಿ. ಬ್ರಾಂಚಿಗೆ ಕೊಟ್ಟ ಪ್ರತಿ ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿ ಫೈಲಿನಲ್ಲಿಟ್ಟುಕೊಳ್ಳಿ.